ಕೈ ಕೊಟ್ಟ ಕೈ

ನಿನ್ನೆ ಸಂಜೆಯಿಂದ ನನ್ನ ಬಲಗೈ ಮುಖ ನೋಡಲು ನನಗೆ ಮನಸ್ಸಿಲ್ಲ. ಇಷ್ಟು ವರ್ಷ ಜೊತೆಗಿದ್ದು, ನಾನೇ ಎತ್ತಿ ಆಡಿಸಿದ ಹುಡುಗಿಯೆದುರು ಮಾನ ಕಳೆಯಿತು.

ಅಣ್ಣನ ಮಗಳು ಫಿಸಿಯೋಥೆರಪಿ ಓದುತ್ತಿದ್ದಾಳೆ. "ಪ್ರಾಜೆಕ್ಟಿಗೆ ಆರೋಗ್ಯವಂತ ವಯಸ್ಕರು ಬೇಕು, ಬನ್ನಿ ಚಿಕ್ಕಪ್ಪ" ಎಂದಳು. ನನ್ನನ್ನು ಯಾರಾದರೂ ಆರೋಗ್ಯವಂತ ಎಂದು ಯಾವ ಕಾಲವಾಗಿತ್ತೋ, ಉಬ್ಬಿಹೋದೆ. ಆಮೇಲೆ ತಿಳಿಯಿತು: ಮಣಿಕಟ್ಟು ಮುರಿದಿರಬಾರದು, ನೋವಿರಬಾರದು, ನರದ ಕಾಯಿಲೆ ಇರಬಾರದು, ಅಷ್ಟಿದ್ದರೆ ಸಾಕಂತೆ. ಹೊಟ್ಟೆಯ ಸುತ್ತಳತೆಯ ಸುದ್ದಿಗೆ ಅವರು ಬರುವುದೇ ಇಲ್ಲ.

ಕಣ್ಣಿನ ಸಹಾಯವಿಲ್ಲದೆ ಕೈ ಎಲ್ಲಿದೆ ಎಂದು ಗೊತ್ತಾಗುತ್ತದೆಯೇ ಎಂಬ ಪರೀಕ್ಷೆ, ಕೇಳುವುದಕ್ಕೆ ಸುಲಭ. ಕಣ್ಣಿಗೆ ಪಟ್ಟಿ. ಮುಂಗೈ ಮೇಜಿನ ಮೇಲೆ, ಹಸ್ತ ಮಾತ್ರ ಅಂಚಿನಾಚೆ. ಎರಡು ಸ್ಕೇಲುಗಳನ್ನು ಕೋನಮಾಪಕಕ್ಕೆ ಕೂಡಿಸಿದಂತಿರುವ ಗೋನಿಯೋಮೀಟರ್ ಹಿಡಿದು ಅವಳು ನನ್ನ ಹಸ್ತವನ್ನು 30 ಡಿಗ್ರಿ ಮೇಲಕ್ಕೆ ಬಾಗಿಸುತ್ತಾಳೆ. 5 ಸೆಕೆಂಡ್ ಹಾಗೇ. "ನೆನಪಿಟ್ಕೊಳ್ಳಿ ಚಿಕ್ಕಪ್ಪ." ಮತ್ತೆ ನೇರಕ್ಕೆ ತಂದು ಬಿಡುತ್ತಾಳೆ. ಈಗ ನಾನಾಗಿಯೇ ಅಷ್ಟೇ ಬಾಗಿಸಿ "ಇಲ್ಲೇ" ಅನ್ನಬೇಕು. ನನ್ನದೇ ಕೈ. ಅಂಗೈ ಹುಣ್ಣಿಗೆ ಕನ್ನಡಿಯೇ?

"ಇಲ್ಲೇ" ಎಂದೆ.

"ಹ್ಞೂಂ" ಎಂದಳು.

ಆ ಹ್ಞೂಂ ಇದೆಯಲ್ಲ, ಅದೇ ನನ್ನನ್ನು ಕೊಂದದ್ದು. ಸರಿಯೋ ತಪ್ಪೋ ಹೇಳುವಂತಿಲ್ಲವಂತೆ. ಹೇಳಿದರೆ ನಾನು ಕಲಿತುಬಿಡುತ್ತೇನೆ, ಆಮೇಲೆ ಅಳೆಯುವುದಕ್ಕೆ ಏನೂ ಉಳಿಯುವುದಿಲ್ಲ. ಕಣ್ಣು ಕಟ್ಟಿಸಿಕೊಂಡವನಿಗೆ ಉಳಿದದ್ದು ಕಿವಿ. ಗಿಡ್ಡ ಹ್ಞೂಂ ಬಂದರೆ ಪಾಸು, ಎಳೆದ ಹ್ಞೂಂ ಬಂದರೆ ಫೇಲು ಎಂದು ಲೆಕ್ಕ ಹಾಕಿದೆ. ನಾಲ್ಕನೆಯ ಸಲ "ಹ್ಞೂಂ?" ಎಂದು ಬಾಲ ಮೇಲೆದ್ದಿತು. ಗಾಬರಿಯಾಗಿ ಕೈಯನ್ನು ಇನ್ನಷ್ಟು ಎತ್ತಿದೆ. "ಒಂದ್ಸಲ ಹೇಳಿದ್ಮೇಲೆ ಅಲ್ಲಾಡಿಸಬೇಡಿ, ಪೆನ್ಸಿಲ್ ಬಿತ್ತು ಅಷ್ಟೇ" ಎಂದಳು. ಐದನೆಯದಕ್ಕೆ ಹ್ಞೂಂ ಇಲ್ಲವೇ ಇಲ್ಲ, ರಬ್ಬರಿನಿಂದ ಏನೋ ಅಳಿಸುವ ಸದ್ದು. ಏನು ಅಳಿಸಿದೆ ತಾಯಿ ಎಂದು ಕೇಳಿದರೆ ಅದಕ್ಕೂ "ಹ್ಞೂಂ"!

ಕೊನೆಗೆ ಒಂದು ಉಪಾಯ ಹೊಳೆಯಿತು. ಕೈ ಒಂದು ಮಟ್ಟಕ್ಕೆ ಬಾಗಿದಾಗ ವಾಚಿನ ಪಟ್ಟಿ ಚರ್ಮಕ್ಕೆ ಕಚ್ಚುತ್ತಿತ್ತು. ಕಚ್ಚಿದ ಕೂಡಲೇ "ಇಲ್ಲೇ" ಎಂದೆ. ಮೂರು ಸಲವೂ ಚಿಕ್ಕ, ಚೊಕ್ಕ ಹ್ಞೂಂ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ "ಅಯ್ಯೋ, ವಾಚ್ ತೆಗೆಸೋದೇ ಮರೆತೆ!" ಎಂದು ಅಲ್ಲಿಯವರೆಗಿನದೆಲ್ಲ ರದ್ದು ಮಾಡಿದಳು. ಕೈ ಎಲ್ಲಿದೆ ಎಂದು ಸುದ್ದಿ ಮುಟ್ಟಿಸಬೇಕಾದವು ಮುಂಗೈ ಸ್ನಾಯುಗಳೊಳಗಿನ ಸ್ಪಿಂಡಲ್ ಎಂಬ ಪುಟ್ಟ ಸಂವೇದಕಗಳಂತೆ. ಸ್ನಾಯು ಹಿಗ್ಗಿದಷ್ಟೂ ಮಿದುಳಿಗೆ ವರದಿ. ವಾಚಿನ ಪಟ್ಟಿಯಿಂದ ಸುಳಿವು ಪಡೆಯುವುದು ಕಾಪಿ ಹೊಡೆದಂತೆ. 1906ರಲ್ಲಿ ಶೆರಿಂಗ್ಟನ್ ಎಂಬ ವಿಜ್ಞಾನಿ ಈ ಅರಿವಿಗೆ 'ಸ್ವಂತ' ಎಂಬ ಅರ್ಥದ ಲ್ಯಾಟಿನ್ ಪದ ಸೇರಿಸಿ 'ಪ್ರೊಪ್ರಿಯೋಸೆಪ್ಷನ್' ಎಂದು ಹೆಸರು ಕಟ್ಟಿದರಂತೆ. ವಾಚು ಬಿಚ್ಚಿದ ಮೇಲೆ ನನಗೆ ಸ್ವಂತದ್ದೆಂದು ಉಳಿದದ್ದು ಬಹಳ ಕಡಿಮೆ.

ಮುಗಿದ ಮೇಲೆ ಹಾಳೆ ಇಣುಕಿದೆ. ಒಮ್ಮೆ 6 ಡಿಗ್ರಿ ಹೆಚ್ಚು, ಒಮ್ಮೆ 6 ಕಡಿಮೆ. "ಕೂಡಿದರೆ ಸೊನ್ನೆ, ಅಂದರೆ ತಪ್ಪೇ ಇಲ್ಲ!" ಎಂದೆ. "ಪ್ಲಸ್ಸು ಮೈನಸ್ಸು ಲೆಕ್ಕಕ್ಕಿಲ್ಲ ಚಿಕ್ಕಪ್ಪ, ತಪ್ಪು ಅಂದ್ರೆ ತಪ್ಪು. ಸರಾಸರಿ ಆರು." ಇಷ್ಟು ನಿಷ್ಠುರದ ಗಣಿತ ನಮ್ಮ ಮನೆತನದಲ್ಲೇ ಇರಲಿಲ್ಲ.

ವಾಚು ಕಟ್ಟಿಕೊಳ್ಳುವಾಗ ಯಾಕೋ ನೆನಪಾಯಿತು. ಇದೇ ಹುಡುಗಿಯ ಪುಟ್ಟ ಮಣಿಕಟ್ಟು ಹಿಡಿದು ಸ್ಲೇಟಿನ ಮೇಲೆ 'ಅ' ತಿದ್ದಿಸಿದ್ದೆ. ನಾನು ಸುತ್ತಿಸಿ ತೋರಿಸುವುದು, ಕೈ ಬಿಟ್ಟು "ಈಗ ನೀನೇ ಬರಿ" ಅನ್ನುವುದು. ಅವಳು ಬರೆದು ನನ್ನ ಮುಖ ನೋಡುತ್ತಿದ್ದಳು. ನಾನು ಪೇಪರಿನಿಂದ ತಲೆಯೆತ್ತದೆ ಏನನ್ನುತ್ತಿದ್ದೆ?

ಹ್ಞೂಂ.

ಇರಲಿ. ಮುಂದಿನ ವಾರ ಮತ್ತೆ ಹೋಗಬೇಕು. ಅಳತೆ ನಂಬುವಂಥದ್ದೇ ಎಂದು ನೋಡಲು ಅದೇ ಕೈಯನ್ನು ಮತ್ತೊಮ್ಮೆ ಅಳೆಯುತ್ತಾರಂತೆ, ಎರಡು ಸಲದ ಅಂಕಿಯೂ ಹೊಂದಬೇಕಂತೆ. ಹಾಗಾಗಿ ಬೆಳಗ್ಗೆಯಿಂದ ಕಣ್ಣು ಮುಚ್ಚಿಕೊಂಡು, ಸರಿಯಾಗಿ 6 ಡಿಗ್ರಿ ತಪ್ಪುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಒಂದು ಲೋಟ ಒಡೆದಿದೆ.