ಪಟ್ಟಣವೋ, ಮೇಲುಕೋಟೆಯೋ?

ಶ್ರೀರಂಗಪಟ್ಟಣಕ್ಕೂ ಮೇಲುಕೋಟೆಗೂ ನಡುವೆ ಇರುವುದು ಹೆಚ್ಚೆಂದರೆ ಒಂದು ತಾಸಿನ ದಾರಿ. ಎರಡೂ ಮಂಡ್ಯ ಜಿಲ್ಲೆಯವೇ. ಒಂದು ಕಾವೇರಿ ಸುತ್ತುವರಿದ ದ್ವೀಪ, ಇನ್ನೊಂದು ಬೆಟ್ಟದ ಮೇಲಿನ ಊರು. ಭಾನುವಾರ ಯಾವುದಕ್ಕೆ ಹೋಗೋಣ ಅಂತ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ್ದಷ್ಟೇ. ಆ ವಾರ ಪೂರ್ತಿ ಮನೆಯಲ್ಲಿ ಎರಡು ಪಕ್ಷ, ಒಂದೇ ಅಡುಗೆಮನೆ.

ಅಪ್ಪ ಪಟ್ಟಣದ ಪರ. ರಿಟೈರ್ ಆದಮೇಲೆ ಅವರಿಗೆ ಇತಿಹಾಸದ ಹುಚ್ಚು ಹತ್ತಿದೆ. 1799ರ ಮೇ 4ರಂದು ಟಿಪ್ಪು ಬಿದ್ದ ಜಾಗವನ್ನು ಎಷ್ಟು ಸಲ ನೋಡಿದರೂ ಅವರಿಗೆ ಸಾಲದು. ಅಮ್ಮ ಮೇಲುಕೋಟೆಯ ಪರ. ಕಾರಣ ಒಂದೇ: "ಚೆಲುವನಾರಾಯಣ ಕರೀತಿದ್ದಾನೆ." ಇದಕ್ಕೆ ಎದುರು ವಾದ ಇಲ್ಲ. ಅಪ್ಪ ಸುಮ್ನೆ ಇರಬಹುದಿತ್ತು. "ರಾಂಗ್ ನಂಬರ್ ಇರಬೇಕು" ಅಂದರು. ಅವತ್ತು ರಾತ್ರಿ ಸಾರಿಗೆ ಉಪ್ಪಿರಲಿಲ್ಲ.

ಮಗಳಿಗೆ ರಾಯಗೋಪುರದ ಮುಂದೆ ರೀಲ್ಸ್ ಮಾಡಬೇಕು. ಅರ್ಧಕ್ಕೇ ನಿಂತ ಗೋಪುರ, ಎತ್ತರದ ಕಂಬಗಳು, ಹಿಂದೆ ಬರೀ ಆಕಾಶ. ಎಷ್ಟೋ ಸಿನಿಮಾದವರು ಅಲ್ಲಿ ಹಾಡು ತೆಗೆದಿದ್ದಾರೆ. "ಕಟ್ಟಿ ಮುಗಿಸದ್ದನ್ನು ನೋಡೋಕೆ ಅಲ್ಲೀವರೆಗೂ ಯಾಕೆ? ಎದುರು ಸೈಟಲ್ಲೇ ಇದೆಯಲ್ಲ" ಅಂದರು ಅಪ್ಪ. ಭಾವನಿಗೆ ಊರು ಯಾವುದಾದರೂ ಆದೀತು, ಪುಳಿಯೋಗರೆ ಬೇಕು. ಅಂದರೆ ಮೇಲುಕೋಟೆ. ಚಿಕ್ಕಮ್ಮನಿಗೆ ಮಂಡಿ ನೋವು. ಯೋಗನರಸಿಂಹನ ಬೆಟ್ಟದ ಮೆಟ್ಟಿಲುಗಳನ್ನು ನೆನೆಸಿಕೊಂಡೇ ಅವರು ಪಟ್ಟಣದ ಪಕ್ಷ ಸೇರಿದರು. ಸೇರಿದ ಮೇಲೂ ಗ್ರೂಪಿನಲ್ಲಿ ಎರಡಕ್ಕೂ ಓಟು ಒತ್ತಿದ್ದರು. ಕೇಳಿದರೆ, "ದೇವರ ವಿಷಯ, ಬೇಡ ಅನ್ನೋಕಾಗತ್ತಾ?"

ಇಷ್ಟರಲ್ಲಿ ಸೋದರತ್ತೆಯ ಫೋನ್ ಬಂತು. "ಭಾನುವಾರ ಸಿಗಲ್ಲ ಅತ್ತೆ, ಎಲ್ಲರೂ ಶ್ರೀರಂಗಪಟ್ಟಣಕ್ಕೆ ಹೋಗೋ ಯೋಚನೆ ಇದೆ" ಅಂದೆ.

ಆ ಕಡೆ ಒಂದು ಕ್ಷಣ ಮೌನ. ಆಮೇಲೆ, "ಅಯ್ಯೋ! ಯಾರು ಹೋದ್ರು?"

ಅತ್ತೆಯದ್ದು ತಪ್ಪಲ್ಲ. ನಮ್ಮ ಕಡೆ ಮನೆಮಂದಿಯೆಲ್ಲ ಸೇರಿ ಪಟ್ಟಣಕ್ಕೆ ಹೊರಟರೆ ಅದು ಸಾಮಾನ್ಯವಾಗಿ ಪಶ್ಚಿಮವಾಹಿನಿಗೆ, ಕೈಯಲ್ಲಿ ಕುಡಿಕೆ ಇಟ್ಟುಕೊಂಡು. ಯಾರೂ ಹೋಗಿಲ್ಲ, ಸುಮ್ನೆ ತಿರುಗಾಡೋಕೆ ಅಂತ ಬಿಡಿಸಿ ಹೇಳಿದೆ. ಅತ್ತೆ ಅರ್ಧ ನಂಬಿದರು. ಉಳಿದರ್ಧವನ್ನು ನೆಂಟರಿಗೆಲ್ಲ ಹಂಚಿದರು. ಸಂಜೆ ಫೋನ್ ಮೇಲೆ ಫೋನ್. ಒಬ್ಬರಂತೂ ಗಂಟಲು ಸಣ್ಣದು ಮಾಡಿಕೊಂಡು, "ಯಜಮಾನರಿಗೆ ಏನಾಗಿತ್ತು?" ಅಂದರಂತೆ. ಫೋನ್ ಎತ್ತಿದ್ದು ಯಜಮಾನರೇ. "ಏನೂ ಆಗಿಲ್ಲ, ಚೆನ್ನಾಗಿದೀನಿ" ಅಂದಿದ್ದಕ್ಕೆ ಆ ಕಡೆಯವರು ಪಟ್ ಅಂತ ಕಟ್ ಮಾಡಿದರು.

ಅಪ್ಪ ಬೇಜಾರೇನೂ ಮಾಡಿಕೊಳ್ಳಲಿಲ್ಲ. "1948ರಲ್ಲಿ ಗಾಂಧೀಜಿಯ ಚಿತಾಭಸ್ಮ ಬಿಟ್ಟಿದ್ದೂ ಅಲ್ಲೇ, ಗೊತ್ತಾ?" ಅಂತ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಅಮ್ಮ ಮಾತ್ರ ಇದನ್ನೇ ಹಿಡಿದುಕೊಂಡರು. ಅಪಶಕುನ, ಮೇಲುಕೋಟೆಗೇ ಹೋಗಬೇಕು.

ಕೊನೆಗೆ ರಾಜಿ ಆಯಿತು. ಬೆಳಿಗ್ಗೆ ಪಟ್ಟಣ, ಮಧ್ಯಾಹ್ನಕ್ಕೆ ಮುಂಚೆ ಮೇಲುಕೋಟೆ. ಕಾಗದದ ಮೇಲೆ ತುಂಬಾ ಸಲೀಸು. ಆದರೆ ಈ ಲೆಕ್ಕದಲ್ಲಿ ಭಾವ ಇರಲಿಲ್ಲ. ಆರು ಗಂಟೆಗೆ ಹೊರಡೋಣ ಅಂದರೆ ಆರಕ್ಕೆ ಏಳುವ ಮನುಷ್ಯ. ಎಲ್ಲರೂ ಕಾರಿನಲ್ಲಿ ಕೂತು ಹಾರ್ನ್ ಒತ್ತುತ್ತಿದ್ದರೆ, ಅವನು ಬಾಲ್ಕನಿಯಲ್ಲಿ ನಿಂತು ಹಲ್ಲುಜ್ಜುತ್ತಾ ಕೈ ಬೀಸುತ್ತಿದ್ದ.

ದರಿಯಾ ದೌಲತ್ ತಲುಪುವ ಹೊತ್ತಿಗೆ ಬಿಸಿಲೇರಿತ್ತು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ಪಶ್ಚಿಮದ ಗೋಡೆಯ ತುಂಬ ಪೊಳ್ಳಿಲೂರು ಯುದ್ಧದ ಚಿತ್ರ. 1780ರಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರ ಪಡೆಯನ್ನು ಸುತ್ತುವರಿದು ಬಡಿದ ಯುದ್ಧ ಅದು. ಸಾಲು ಸಾಲು ಕುದುರೆ, ಆನೆ, ಕೆಂಪು ಕೋಟಿನ ಸಿಪಾಯಿಗಳು. ನಡುವೆ ಪಲ್ಲಕ್ಕಿಯಲ್ಲಿ ಮುದುರಿಕೊಂಡ ಕರ್ನಲ್ ಬೈಲಿ. ನಿಜ ಹೇಳಬೇಕೆಂದರೆ ನೋಡುವಂಥದ್ದೇ. ಆದರೆ ಅಪ್ಪ ಒಂದೊಂದು ಕುದುರೆಯನ್ನೂ ಪರಿಚಯಿಸುತ್ತಾ ಹೊರಟರು. ತಡವಾಗಿ ಬಂದ ನಿಜಾಮನ ಸೈನ್ಯವನ್ನೂ ಅಲ್ಲಿ ಗೇಲಿ ಮಾಡಿ ಬರೆದಿದ್ದಾರೆ. ಅಪ್ಪ ಅಲ್ಲಿ ನಿಂತು ಭಾವನ ಕಡೆ ತಿರುಗಿ, "ನೋಡಪ್ಪಾ, ಲೇಟಾಗಿ ಬಂದವರನ್ನು ಇತಿಹಾಸ ಮರೆಯಲ್ಲ" ಅಂದರು. ಭಾವ ಗಡಿಯಾರ ನೋಡಿಕೊಂಡ. ಒಳಗೆ ಫೋಟೋ ತೆಗೆಯೋ ಹಾಗಿಲ್ಲ ಅಂತ ಮಗಳು ಆಗಲೇ ಹುಲ್ಲುಹಾಸಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು.

ರೈಲು ಹಳಿ ಜೋಡಿ ಮಾಡಲು ಅಡ್ಡ ಬಂತು ಅಂತ 2017ರಲ್ಲಿ ಟಿಪ್ಪುವಿನ ಶಸ್ತ್ರಾಗಾರವನ್ನು ಒಡೆಯದೆ, ಇಡಿಯಾಗಿ ಎತ್ತಿ ಆಚೆಗಿಟ್ಟರು. ಆ ಇಂಜಿನಿಯರುಗಳನ್ನು ಕರೆಸಿದ್ದರೂ ಅಪ್ಪನನ್ನು ಆ ಗೋಡೆಯ ಮುಂದಿನಿಂದ ಸರಿಸಲು ಆಗುತ್ತಿರಲಿಲ್ಲ.

ಮೇಲುಕೋಟೆ ಸೇರಿದಾಗ ಚೆಲುವನಾರಾಯಣನ ಬಾಗಿಲು ಹಾಕಿತ್ತು. ಮತ್ತೆ ತೆಗೆಯುವುದು ಸಾಯಂಕಾಲವೇ. ಅಮ್ಮ ಏನೂ ಹೇಳಲಿಲ್ಲ. ಬೈದಿದ್ದರೆ ವಾಸಿ ಇತ್ತು. ಬೆಟ್ಟದ ಮೇಲಿನ ನರಸಿಂಹನಿಗೆ ನಗಾರಿ ಕೊಟ್ಟಿದ್ದು ಟಿಪ್ಪುವೇ ಅಂತ ಅಪ್ಪ ಸಮಾಧಾನ ಮಾಡಲು ನೋಡಿದರು. ಅದು ಬೆಂಕಿಗೆ ಎಣ್ಣೆ ಆಯಿತು. ಪುಳಿಯೋಗರೆ ಪೊಟ್ಟಣ ಬಿಚ್ಚಿಕೊಂಡು ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತೆವು. ಭಾವನ ಪೊಟ್ಟಣವನ್ನು ಕೋತಿ ಕಿತ್ತುಕೊಂಡು ಹೋಯಿತು. ಅಷ್ಟರ ಮಟ್ಟಿಗೆ ಅಮ್ಮನ ಮುಖ ಅರಳಿತು.

ಹೊತ್ತು ಕಳೆಯಬೇಕಲ್ಲ, ಅಕ್ಕತಂಗಿ ಕೊಳ ನೋಡಲು ಹೋದೆವು. ಅಕ್ಕಪಕ್ಕದಲ್ಲೇ ಎರಡು ಕೊಳ. ಒಂದರ ನೀರು ಕುಡಿಯೋಕೆ ಚೆನ್ನ, ಇನ್ನೊಂದರದ್ದು ಅಲ್ಲ ಅನ್ನುತ್ತಾರೆ.

"ಇದರಲ್ಲಿ ಅಕ್ಕಂದು ಯಾವುದು?" ಅಂತ ಭಾವ ಕೇಳಿದ.

"ಚೆನ್ನಾಗಿರೋದು" ಅಂದರು ಅಮ್ಮ. "ಯಾಕೆ, ತಂಗಿದು ಚೆನ್ನಾಗಿರಬಾರದಾ?" ಅಂದರು ಚಿಕ್ಕಮ್ಮ. ಅಲ್ಲಿಂದ ಮಾತು ಅಜ್ಜಿಯ ಅವಲಕ್ಕಿ ಸರಕ್ಕೆ ಹೋಯಿತು, ಚಿಕ್ಕಮ್ಮನ ಮದುವೆಗೆ ಹೋಯಿತು. ದೇವಸ್ಥಾನದ ಬಾಗಿಲು ತೆಗೆದರು ಅಂತ ಮಗಳು ಓಡಿ ಬಂದು ಹೇಳಿದಳು.

"ಇರು, ಬಂದೆ" ಅಂದರು ಅಮ್ಮ.