ಪಟ್ಟಿಯಲ್ಲಿಲ್ಲದ ಗುಡ್ಡ

ಜೂನ್ ಬಂತೆಂದರೆ ಮುಂಬಯಿ ಕನ್ನಡಿಗರಿಗೆ ಎರಡು ಕಾಗದಗಳು ತಪ್ಪುವುದಿಲ್ಲ. ಊರಿಗೆ ಹೋಗುವ ಮತ್ಸ್ಯಗಂಧ ರೈಲಿನ ಮಳೆಗಾಲದ ವೇಳಾಪಟ್ಟಿ ಒಂದು. ಘಾಟ್‌ಕೋಪರ್, ವಿಕ್ರೋಲಿ, ಭಾಂಡುಪ್‌ಗಳ ಗುಡ್ಡದ ಇಳಿಜಾರಿನಲ್ಲಿ ಮನೆ ಮಾಡಿಕೊಂಡವರಿಗೆ ಪಾಲಿಕೆ ಕಳುಹಿಸುವ ನೋಟಿಸು ಇನ್ನೊಂದು. ನೀವಿರುವ ಜಾಗ ಅಪಾಯಕಾರಿ, ಕೂಡಲೇ ಸುರಕ್ಷಿತ ಸ್ಥಳಕ್ಕೆ ತೆರಳಿ, ತೆರಳದೆ ಅನಾಹುತವಾದರೆ ನಾವು ಹೊಣೆಯಲ್ಲ ಎಂಬುದು ಅದರ ಸಾರ. ಮುಂಬಯಿಯಲ್ಲಿ ಸುರಕ್ಷಿತ ಸ್ಥಳದ ಬಾಡಿಗೆ ಎಷ್ಟೆಂದು ನೋಟಿಸು ಬರೆದವರು ವಿಚಾರಿಸಿದಂತೆ ಕಾಣುವುದಿಲ್ಲ.

ಅಪಾಯದ ತಾಣಗಳ ಪಟ್ಟಿಯೂ ಎಂದಿನಂತೆ ಪತ್ರಿಕೆಗಳಲ್ಲಿ ಬಂದಿದೆ. ಪಟ್ಟಿ ಎಂಬ ಪದ ಕಂಡಾಗಲೆಲ್ಲ ನನಗೆ ಇರ್ಶಾಲವಾಡಿ ನೆನಪಾಗುತ್ತದೆ. 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಆ ಠಾಕರ್ ಆದಿವಾಸಿಗಳ ವಾಡಿಯ, ಅಂದರೆ ಪುಟ್ಟ ಹಳ್ಳಿಯ, ಮೇಲೆ ಗುಡ್ಡ ಜರಿಯಿತು. ಮಣ್ಣು ಇನ್ನೂ ಹಸಿಯಾಗಿದ್ದಾಗಲೇ ಸರಕಾರ ವಿಧಾನಮಂಡಲಕ್ಕೆ ತಿಳಿಸಿದ ಸಂಗತಿಗಳಲ್ಲಿ ಒಂದು, ಭೂಕುಸಿತದ ಅಪಾಯವಿರುವ ಊರುಗಳ ಪಟ್ಟಿಯಲ್ಲಿ ಈ ವಾಡಿಯ ಹೆಸರಿರಲಿಲ್ಲ ಎಂಬುದಾಗಿತ್ತು. ತಪ್ಪು ಗುಡ್ಡದ್ದೇ ಎಂದು ನಾನೂ ಒಪ್ಪುತ್ತೇನೆ. ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳದೆ, ಪೂರ್ವಾನುಮತಿ ಪಡೆಯದೆ, ಅದೂ ಕಚೇರಿ ಮುಚ್ಚಿದ ಮೇಲೆ ಜಾರುವುದು ಯಾವ ಶಿಸ್ತು?

ಹಾಗೆಂದು ನಮ್ಮ ದೇಶದಲ್ಲಿ ನಕ್ಷೆಗೆ ಬರವಿದೆಯೆಂದು ಯಾರೂ ಭಾವಿಸಬಾರದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 2014ರಲ್ಲಿ ರಾಷ್ಟ್ರಮಟ್ಟದ ಭೂಕುಸಿತ ಸಾಧ್ಯತೆಯ ನಕ್ಷೆಯನ್ನು ಕೈಗೆತ್ತಿಕೊಂಡು, ಹಿಮಾಲಯದಿಂದ ಸಹ್ಯಾದ್ರಿಯವರೆಗೆ ಸುಮಾರು 4.2 ಲಕ್ಷ ಚದರ ಕಿಲೋಮೀಟರನ್ನು, ಅಂದರೆ ಹಿಮಾವೃತ ಪ್ರದೇಶ ಬಿಟ್ಟು ದೇಶದ ನೆಲದ ಶೇಕಡ 12.6ರಷ್ಟನ್ನು, ಇಳಿಜಾರು, ಶಿಲೆ, ಮಣ್ಣಿನ ದಪ್ಪ, ನೆಲದ ಬಳಕೆ ಎಲ್ಲವನ್ನೂ ತೂಗಿ ಹೆಚ್ಚು, ಮಧ್ಯಮ, ಕಡಿಮೆ ಎಂದು ಮೂರು ಬಣ್ಣಗಳಲ್ಲಿ ವಿಂಗಡಿಸಿದೆ. ಇದು ನಿಜಕ್ಕೂ ದೊಡ್ಡ ಕೆಲಸ. ಇಲ್ಲಿ ನಾನು ಹಾಸ್ಯ ಮಾಡುತ್ತಿಲ್ಲ. ಹಾಸ್ಯವಿರುವುದು ಅದನ್ನು ಓದುವವರಲ್ಲಿ.

ಈ ನಕ್ಷೆಯ ಪ್ರಮಾಣ 1:50,000. ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಐವತ್ತು ಮೀಟರ್. ಐವತ್ತರೊಳಗಿನ ಮನೆಗಳ ಒಂದು ವಾಡಿ ಅದರಲ್ಲಿ ಹೆಚ್ಚೆಂದರೆ ಹೆಸರುಕಾಳಿನಷ್ಟಾದೀತು. ಹೆಸರುಕಾಳಿನ ಮೇಲೆ ಹೆಸರು ಬರೆಯುವುದು ಹೇಗೆ? ಸೀಸದಕಡ್ಡಿ ಸ್ವಲ್ಪ ಮೊಂಡಾಗಿದ್ದರೆ ಅದು ಎಳೆಯುವ ಗೆರೆಯ ಅಡಿಯಲ್ಲಿಯೇ ಹತ್ತು ಸಂಸಾರಗಳು ಮಲಗಿರಬಹುದು. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಪ್ರಮಾಣದ ಲೆಕ್ಕವಿಲ್ಲದೆಯೇ ಹೇಳಿಬಿಟ್ಟಿದ್ದರು. ಇದು ವಿಶಾಲ ಪ್ರದೇಶದ ಯೋಜನೆಗಾಗಿ ಮಾಡಿದ್ದು, ಒಂದೊಂದು ಊರಿನ ವಿಚಾರಕ್ಕೆ 1:10,000ದಂತಹ ಸೂಕ್ಷ್ಮ ನಕ್ಷೆ ಬೇಕು ಎಂಬುದು ನಕ್ಷೆ ಮಾಡಿದವರಿಗೆ ಚೆನ್ನಾಗಿ ಗೊತ್ತು. ಆದರೆ ಆ ಕೆಲಸಕ್ಕೆ ಯಾರಾದರೂ ಗುಡ್ಡ ಹತ್ತಬೇಕಾಗುತ್ತದೆ.

ಹತ್ತುವವರು ಇಲ್ಲವೆಂದಲ್ಲ. 2003ರ ಜೂನ್‌ನಲ್ಲಿ ಕಾರವಾರದಿಂದ ಮುಂಬಯಿಗೆ ಬರುತ್ತಿದ್ದ ವಿಶೇಷ ರೈಲು ವೈಭವವಾಡಿಯ ಬಳಿ ಕುಸಿದ ಬಂಡೆಗಳಿಗೆ ಬಡಿದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷದ ಜೂನ್‌ನಲ್ಲಿ ನಮ್ಮ ಮತ್ಸ್ಯಗಂಧವೇ ಬಂಡೆಗೆ ಸಿಕ್ಕಿತು. ಇಂದು ಕೊಂಕಣ ರೈಲ್ವೆಯ ಹಳಿಗುಂಟ ಮಳೆಗಾಲದ ರಾತ್ರಿಗಳಲ್ಲಿ ನೂರಾರು ಗಸ್ತಿನವರು ದೀಪ ಹಿಡಿದು ನಡೆಯುತ್ತಾರೆ. ರತ್ನಾಗಿರಿಯ ಆಚೆ ನಡುರಾತ್ರಿ ರೈಲು ನಿಧಾನವಾದಾಗ ಬೋಗಿಯೊಳಗಿನ ನಾವು ಗೊಣಗುತ್ತೇವೆ. ಕಿಟಕಿಯಾಚೆ ರೇನ್‌ಕೋಟಿನ ಮನುಷ್ಯನೊಬ್ಬ ಗುಡ್ಡವನ್ನು 1:1 ಪ್ರಮಾಣದಲ್ಲಿ ಓದುತ್ತಾ ನಿಂತಿರುತ್ತಾನೆ. ರೈಲಿಗೆ ದೊರಕುವ ಈ ಭಾಗ್ಯ ವಾಡಿಗೆ ದೊರಕದಿರುವುದಕ್ಕೆ ಕಾರಣ ಸರಳವಾಗಿರಬೇಕು: ವಾಡಿಗೆ ವೇಳಾಪಟ್ಟಿ ಇಲ್ಲ.

ಇನ್ನು ಶಿರೂರಿನಂತಹ ಕಡೆ ನಕ್ಷೆಯೇ ನಾಚಬೇಕು. ಅಳೆದಾಗ ಒಂದು ಇಳಿಜಾರಿದ್ದ ಗುಡ್ಡದ ಬುಡವನ್ನು ಚತುಷ್ಪಥಕ್ಕಾಗಿ ಕಡಿದು ಗೋಡೆಯಂತೆ ನಿಲ್ಲಿಸಿದ ಮೇಲೆ ಆ ಬಣ್ಣಕ್ಕೆ ಏನರ್ಥ? 2024ರ ಜುಲೈ 16ರಂದು ಅಂಕೋಲೆಯ ಆ ಗುಡ್ಡ ಹೆದ್ದಾರಿಯನ್ನು ದಾಟಿ ಗಂಗಾವಳಿಗೆ ಇಳಿಯಿತು. ಮೂರು ದಿನಗಳ ನಂತರ ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರದ ಉದ್ಘಾಟನೆಯಾಯಿತು. ಅದಾದ ಹನ್ನೊಂದನೆಯ ದಿನ ವಯನಾಡು. 2023ರಲ್ಲಿ ಇಸ್ರೋ ಹೊರತಂದ ಭೂಕುಸಿತ ಅಟ್ಲಾಸಿನಲ್ಲಿ ಸುಮಾರು 80,000 ಕುಸಿತಗಳ ದಾಖಲೆಯಿದೆ, 147 ಜಿಲ್ಲೆಗಳಿಗೆ ಪರೀಕ್ಷೆಯ ಫಲಿತಾಂಶದಂತೆ ರ‍್ಯಾಂಕ್ ಕೊಡಲಾಗಿದೆ. ರುದ್ರಪ್ರಯಾಗ ಪ್ರಥಮ, ವಯನಾಡು ಹದಿಮೂರನೆಯದು. ಹೆಣಗಳನ್ನು ಹುಡುಕುತ್ತಿರುವಾಗಲೇ, ಮುನ್ನೆಚ್ಚರಿಕೆ ಕೊಟ್ಟಿದ್ದೆವು ಎಂದು ಕೇಂದ್ರವೂ ಕೊಟ್ಟದ್ದು ಅದಲ್ಲ ಎಂದು ಕೇರಳವೂ ವಾದಕ್ಕಿಳಿದವು. ವಯನಾಡಿನ ಗುಡ್ಡ ಜರಿದ ಮರುದಿನ, ಜುಲೈ 31ರಂದು, ಪಶ್ಚಿಮಘಟ್ಟದ ಪರಿಸರಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಹೊರಬಿತ್ತು. ಆರನೆಯ ಕರಡು. ಮೊದಲನೆಯದು 2014ರದು. ಒಲ್ಲೆವೆಂದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು.

2014ರ ಜುಲೈ 30ರಂದು, ವಯನಾಡಿಗೆ ಸರಿಯಾಗಿ ಹತ್ತು ವರ್ಷ ಮೊದಲು, ಪುಣೆ ಜಿಲ್ಲೆಯ ಮಾಳೀಣಕ್ಕೆ ಬೆಳಗಿನ ಎಸ್‌.ಟಿ. ಬಸ್ಸು ಹೋಯಿತು. ಚಾಲಕನಿಗೆ ಊರು ಕಾಣಲಿಲ್ಲ. ನೂರೈವತ್ತರಷ್ಟು ಜನ ಮಣ್ಣಿನಡಿ ಇದ್ದಾರೆಂಬುದು ಹೊರಜಗತ್ತಿಗೆ ತಿಳಿದದ್ದು ಹಾಗೆ. ಇರ್ಶಾಲವಾಡಿಯಲ್ಲಿ 27 ದೇಹಗಳು ಸಿಕ್ಕವು, ಉಳಿದ 57 ಮಂದಿಯನ್ನು ಸಿಗದವರೆಂದು ಬರೆದು ಹುಡುಕಾಟ ನಿಲ್ಲಿಸಿದರು. ಇದನ್ನು ವಿಡಂಬನೆಯಾಗಿ ಬರೆಯಲು ನನಗೆ ಬರುವುದಿಲ್ಲ. ಆ 57 ಹೆಸರುಗಳು ಕೊನೆಗೂ ಒಂದು ಪಟ್ಟಿ ಸೇರಿದವು, ಅಷ್ಟೆ.

ನಮ್ಮ ಓಣಿಗೆ ತರಕಾರಿ ತರುವ ವಿಜಯಪುರದ ಮುದುಕಿಯೊಬ್ಬಳು ಗುಡ್ಡದ ಮೇಲಿನ ಚಾಳಿನವಳು. ಈ ಸಲದ ನೋಟಿಸನ್ನು ಓದಿ ಹೇಳಲು ನನ್ನ ಬಳಿ ತಂದಿದ್ದಳು. ಹೊಣೆಯಲ್ಲ ಎಂಬಲ್ಲಿಯವರೆಗೆ ಓದಿ ನಿಲ್ಲಿಸಿದೆ. "ಅದಿರ‍್ಲಿ, ನನ್ನ ಹೆಸರು ಬರೋಬರಿ ಬರದಾರೇನು ನೋಡ್ರಿ" ಎಂದಳು. ಬರೆದಿದ್ದರು, ಮನೆ ಸಂಖ್ಯೆಯೂ ಸರಿಯಾಗಿತ್ತು. ಅವಳು ಅದನ್ನು ಮಡಿಸಿ, ಹಿಂದಿನ ವರ್ಷಗಳ ನೋಟಿಸುಗಳಿದ್ದ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡಳು. ಎಂದಾದರೂ ಸರಕಾರ ಬೇರೆ ಮನೆ ಕೊಡುವುದಾದರೆ, ತಾನು ಆ ಗುಡ್ಡದ ಮೇಲೆ ಇದ್ದೆನೆಂಬುದಕ್ಕೆ ಅವಳ ಬಳಿ ಇರುವ ಪುರಾವೆ ಅದೊಂದೇ.