ಹದಿನಾರನೇ ಗಂಟೆಯ ಬೆಲೆ

ಮೇಷ್ಟ್ರ ಕೆಲಸದ ಕರಾರು ಪತ್ರ ಓದುವುದಕ್ಕೆ ಒಂದು ಕ್ರಮ ಇದೆ. ಮೊದಲ ಪುಟ ಶೋಭೆಗೆ. ವಿದ್ಯಾರ್ಹತೆ, ವಿಷಯ, ವಾರಕ್ಕೆ ಇಷ್ಟು ಗಂಟೆ, ತಿಂಗಳಿಗೆ ಇಷ್ಟು ರೂಪಾಯಿ. ಎಲ್ಲ ಲಕ್ಷಣವಾಗಿಯೇ ಇರುತ್ತದೆ. ಅಸಲಿ ವಿಷಯ ಇರುವುದು ಕೊನೆಯಲ್ಲಿ, ಸಹಿ ಹಾಕುವ ಜಾಗಕ್ಕಿಂತ ಸ್ವಲ್ಪ ಮೇಲೆ: ‘ಮೇಲಧಿಕಾರಿಗಳು ಕಾಲಕಾಲಕ್ಕೆ ವಹಿಸುವ ಇತರೆ ಕೆಲಸಗಳನ್ನು ನಿರ್ವಹಿಸತಕ್ಕದ್ದು.’ ಮೇಲಿನ ಷರತ್ತುಗಳನ್ನೆಲ್ಲ ನುಂಗಿ ನೀರು ಕುಡಿಯುವ ತಾಕತ್ತು ಈ ಒಂದೇ ಸಾಲಿಗಿದೆ. ಸೇರುವ ದಿನ ಖುಷಿಯಲ್ಲಿ ಯಾರೂ ಇದನ್ನು ಓದುವುದಿಲ್ಲ. ಸೇರಿದ ಮೇಲೆ ಓದೋಣ ಅಂದರೆ ಟೈಮ್ ಸಿಗುವುದಿಲ್ಲ.

ಇರಲಿ, ಮೊದಲ ಪುಟದ ಲೆಕ್ಕದಿಂದಲೇ ಶುರು ಮಾಡೋಣ. ಅದರಲ್ಲೂ ಮಜಾ ಏನು ಕಡಿಮೆ ಇಲ್ಲ.

ನಮ್ಮ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬಾಗಿಲು ತೆರೆದಿರುವುದೇ ಅತಿಥಿ ಉಪನ್ಯಾಸಕರಿಂದ, ಅಂದರೆ ಕಾಯಂ ಅಲ್ಲದ ಮೇಷ್ಟ್ರುಗಳಿಂದ. 2022ರ ಜನವರಿವರೆಗೆ ಇವರಿಗೆ ತಿಂಗಳಿಗೆ 11 ಸಾವಿರ, ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೇಳಿದ ಅರ್ಹತೆ ಇದ್ದರೆ 13 ಸಾವಿರ ರೂಪಾಯಿ. ವಾರಕ್ಕೆ ಎಂಟರಿಂದ ಹತ್ತು ಗಂಟೆ ಪಾಠ. ಧರಣಿ, ಮುಷ್ಕರ, ಮನವಿ ಪತ್ರ ಎಲ್ಲ ಆದ ಮೇಲೆ ಸಂಕ್ರಾಂತಿ ಹೊತ್ತಿಗೆ ಸರ್ಕಾರದ ಮನಸ್ಸು ಕರಗಿತು. ಅರ್ಹತೆ, ಅನುಭವ ನೋಡಿ 26, 28, 30, 32 ಸಾವಿರ ಎಂದು ನಾಲ್ಕು ಮೆಟ್ಟಿಲು ಮಾಡಿದರು. ಎರಡು ಪಟ್ಟಿಗಿಂತ ಜಾಸ್ತಿ! ಜೊತೆಗೆ ಸಣ್ಣದೊಂದು ಬದಲಾವಣೆ. ಕಾರ್ಯಭಾರ ಹತ್ತರ ಬದಲು ಹದಿನೈದು ಗಂಟೆ.

ಇದರ ಪರಿಣಾಮ ತಿಳಿಯಲು ಗಣಿತದ ಮೇಷ್ಟ್ರೇ ಬೇಕಿಲ್ಲ. ಒಂದು ಕಾಲೇಜಿನಲ್ಲಿ ಕನ್ನಡಕ್ಕೆ ವಾರಕ್ಕೆ ಮೂವತ್ತು ಗಂಟೆ ಪಾಠ ಇದೆ ಅನ್ನಿ. ಹತ್ತರಂತೆ ಹಂಚಿದರೆ ಮೂವರಿಗೆ ಕೆಲಸ. ಹದಿನೈದರಂತೆ ಹಂಚಿದರೆ ಇಬ್ಬರಿಗೆ. ಆಗ ಇದ್ದದ್ದು 14 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಉಳಿದವರಿಗೆ ಬೆಲ್ಲ ಸಿಕ್ಕಿತು, ಸಾವಿರಾರು ಜನರ ಕೆಲಸಕ್ಕೆ ಎಳ್ಳುನೀರು ಬಿಟ್ಟಾಯಿತು. ಅದೇ ಹಬ್ಬದಲ್ಲಿ.

ಆದರೆ ನನ್ನ ತಲೆ ಕೆಡಿಸಿರುವುದು ಆ ಹದಿನೈದು ಎನ್ನುವ ಸಂಖ್ಯೆ. ಯಾಕೆ ಹದಿನೈದು? ಹದಿನಾಲ್ಕು ಯಾಕಲ್ಲ? ಹದಿನಾರು ಯಾಕಲ್ಲ?

ಯುಜಿಸಿಯ 2018ರ ನಿಯಮ ತೆಗೆದು ನೋಡಿದೆ. ಕಾಯಂ ಸಹಾಯಕ ಪ್ರಾಧ್ಯಾಪಕರ ನೇರ ಬೋಧನೆ ವಾರಕ್ಕೆ 16 ಗಂಟೆ. ಅತಿಥಿಗೆ 15. ನಡುವೆ ಇರುವುದು ಒಂದೇ ಒಂದು ಗಂಟೆ. ಈಗ ಸಂಬಳ ನೋಡಿ. ಕಾಯಂ ಸಹಾಯಕ ಪ್ರಾಧ್ಯಾಪಕರು ಕೆಲಸಕ್ಕೆ ಸೇರಿದ ದಿನವೇ ಮೂಲ ವೇತನ 57,700 ರೂಪಾಯಿ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಬೇರೆ. ಅತಿಥಿಗಳಿಗೆ 2023ರ ಕೊನೆಯಲ್ಲಿ ಮತ್ತೊಂದು ಮುಷ್ಕರ ನಡೆದ ಮೇಲೆ ಸೇವೆಯ ವರ್ಷ ನೋಡಿ 5ರಿಂದ 8 ಸಾವಿರ ಸೇರಿಸುವುದಾಗಿ ಹೇಳಿದರು. ಅಂದರೆ ಹದಿನೈದು ವರ್ಷಕ್ಕೂ ಜಾಸ್ತಿ ಪಾಠ ಮಾಡಿ ಕೂದಲು ಬೆಳ್ಳಗಾದವರಿಗೆ, ಪೂರ್ತಿ ಅರ್ಹತೆ ಇದ್ದರೆ, 40 ಸಾವಿರ.

ಕಳೆಯಿರಿ. 17,700 ರೂಪಾಯಿ. ಇದು ಆ ಹದಿನಾರನೇ ಗಂಟೆಯ ಬೆಲೆ. ತಿಂಗಳಿಗೆ ನಾಲ್ಕು ವಾರ ಎಂದು ಹಿಡಿದರೆ ಗಂಟೆಗೆ 4,425 ರೂಪಾಯಿ ಬೀಳುತ್ತದೆ. ಮೊದಲ ಹದಿನೈದು ಗಂಟೆಗಳಿಗೆ ಅದೇ ಲೆಕ್ಕದಲ್ಲಿ ಗಂಟೆಗೆ 667 ರೂಪಾಯಿ. ಏನಿದು ಹದಿನಾರನೇ ಗಂಟೆಯಲ್ಲಿ ಅಂಥಾದ್ದು? ಅದೇ ಪಂಪ, ಅದೇ ರನ್ನ, ಅದೇ ಕಿಟಕಿ ಮುರಿದ ಕ್ಲಾಸು, ಅದೇ ಹಿಂದಿನ ಬೆಂಚಿನ ಹುಡುಗರು. ಆ ಗಂಟೆ ಮಾತ್ರ ಬಂಗಾರದ್ದು. (ಕಾಯಂ ಮೇಷ್ಟ್ರುಗಳು ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಜಾಸ್ತಿ ಕೊಡುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಪಾಡು ಮುಂದೆ ಬರುತ್ತದೆ.)

ನನ್ನ ಅನುಮಾನ ಇಷ್ಟೇ. ಹದಿನಾರು ಕೊಟ್ಟರೆ ಇಬ್ಬರ ಕೆಲಸವೂ ಒಂದೇ ಆಗಿಬಿಡುತ್ತದೆ. ಸಮಾನ ಕೆಲಸಕ್ಕೆ ಸಮಾನ ವೇತನ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಪಂಜಾಬಿನ ಒಂದು ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಒಂದು ಗಂಟೆ ಗ್ಯಾಪ್ ಇಟ್ಟುಕೊಂಡಿರುವುದು ಕ್ಷೇಮ. ಯಾರು ಇದನ್ನು ಕಂಡುಹಿಡಿದರೋ ಗೊತ್ತಿಲ್ಲ, ಆದರೆ ಅವರಿಗೆ ಒಂದು ಗೌರವ ಡಾಕ್ಟರೇಟ್ ಸಲ್ಲಬೇಕು.

ಕಾಯಂ ಮಾಡಿ ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ: ಉಮಾದೇವಿ ಪ್ರಕರಣ. 2006ರ ತೀರ್ಪು. ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಕೇಸು. ಹಿಂಬಾಗಿಲಿನಿಂದ ಜನರನ್ನು ತುಂಬಿಕೊಂಡು ಆಮೇಲೆ ಕಾಯಂ ಮಾಡಬೇಡಿ ಎಂದು ಅದು ಸರ್ಕಾರಗಳಿಗೆ ಹೇಳಿದ ಬುದ್ಧಿಮಾತು. ಸರ್ಕಾರಗಳು ಅರ್ಧ ಕೇಳಿಸಿಕೊಂಡವು. ತುಂಬಿಕೊಳ್ಳುವುದನ್ನು ನಿಲ್ಲಿಸಲಿಲ್ಲ, ಕಾಯಂ ಮಾಡುವುದನ್ನು ಮಾತ್ರ ನಿಲ್ಲಿಸಿದವು. ಪ್ರತಿ ವರ್ಷ ಹೊಸ ಅರ್ಜಿ, ಹೊಸ ಕೌನ್ಸೆಲಿಂಗ್, ಹೊಸ ಆದೇಶ, ಕೊನೆಗೆ ಬಿಡುಗಡೆ. ಮತ್ತೆ ಅದೇ ಕಾಲೇಜಿನಲ್ಲಿ, ಅದೇ ಕುರ್ಚಿಯಲ್ಲಿ, ಅದೇ ವ್ಯಕ್ತಿ ಹೊಸಬನಾಗಿ ಹಾಜರಾಗುತ್ತಾನೆ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ವಾರ ಮಾತ್ರ ಇವರನ್ನು ಎಲ್ಲರೂ ‘ನಮ್ಮ ಫ್ಯಾಕಲ್ಟಿ’ ಎನ್ನುತ್ತಾರೆ. ಫೈಲು ಜೋಡಿಸಲು ರಾತ್ರಿ ಎಂಟರವರೆಗೆ ಇರಿ ಎನ್ನುತ್ತಾರೆ. ಅದು ಹದಿನೈದು ಗಂಟೆಯ ಒಳಗೋ ಹೊರಗೋ ಎಂದು ಕೇಳಿದರೆ, ‘ಇದು ನಮ್ಮ ಮನೆ ಕೆಲಸ ಇದ್ದ ಹಾಗೆ ಸಾರ್’ ಎಂಬ ಉತ್ತರ. ತಂಡ ಹೋದ ಮಾರನೇ ದಿನ ಇವರದು ಬೇರೆ ಮನೆ.

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ ಒಂದು ಮಾತು ಹೇಳಿತು. ಅಲ್ಲಿಯೂ 30 ಸಾವಿರದ ಕಥೆಯೇ. ಸಮಾರಂಭಗಳಲ್ಲಿ ಗುರುಬ್ರಹ್ಮ ಗುರುವಿಷ್ಣು ಎಂದು ಹೇಳುತ್ತಿದ್ದರೆ ಸಾಲದು, ಗುರುಗಳನ್ನು ನಡೆಸಿಕೊಳ್ಳುವ ರೀತಿಯಲ್ಲಿ ಅದು ಕಾಣಬೇಕು ಎಂದಿತು. ಅದಾಗಿ ಎರಡು ವಾರಕ್ಕೆ ಸೆಪ್ಟೆಂಬರ್ 5 ಬಂತು. ಊರೂರಲ್ಲಿ ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ. ಶ್ಲೋಕವೂ ರಾಗವಾಗಿಯೇ ಬಂತು.

ಕಾಲೇಜಿನ ಅತಿಥಿಗೆ ಹದಿನೈದರ ಸೂರು ಹಾಕಿದ್ದಾರೆ, ಅದರ ಮೇಲೆ ಏರುವಂತಿಲ್ಲ. ಶಾಲೆಯ ಮೇಷ್ಟ್ರಿಗೆ ಸೂರೇ ಇಲ್ಲ. ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಶಿಕ್ಷಕರ ಕೆಲಸ ವಾರಕ್ಕೆ ಕನಿಷ್ಠ 45 ಗಂಟೆ, ಪಾಠದ ತಯಾರಿಯೂ ಸೇರಿ, ಎಂದಿದೆ. ಕನಿಷ್ಠ! ಗರಿಷ್ಠ ಎಷ್ಟು ಎಂದು ಬರೆಯುವುದು ಮರೆತೇ ಹೋಗಿದೆ.

ಅದೇ ಕಾಯಿದೆಯ 27ನೇ ಸೆಕ್ಷನ್ ಮಾತ್ರ ಬಹಳ ಚೆಂದ ಇದೆ. ಶಿಕ್ಷಕರನ್ನು ಪಾಠ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಬಾರದು. ಮೂರು ವಿನಾಯಿತಿ ಮಾತ್ರ: ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಓದಿದರೆ ಕಣ್ಣು ತುಂಬಿ ಬರುತ್ತದೆ. ಈ ಸಾಲನ್ನು ಫ್ರೇಮ್ ಹಾಕಿಸಿ ಪ್ರತಿ ಶಾಲೆಯ ಆಫೀಸು ರೂಮಿನಲ್ಲಿ ತೂಗು ಹಾಕಬಹುದು. ತೂಗು ಹಾಕಿದ ಫೋಟೊ ತೆಗೆದು ಗ್ರೂಪಿಗೆ ಕಳಿಸಿ ಎಂದು ಸಂಜೆ ನಾಲ್ಕರೊಳಗೆ ಮೆಸೇಜ್ ಬರುತ್ತದೆ, ಅಷ್ಟೇ.

ಮತದಾರರ ಪಟ್ಟಿ ಪರಿಷ್ಕರಣೆಗೆ ಶಿಕ್ಷಕರನ್ನು ರಜೆಯಲ್ಲಿ, ಪಾಠ ಇಲ್ಲದ ಹೊತ್ತಿನಲ್ಲಿ ಮಾತ್ರ ಬಳಸಿ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಕೋರ್ಟಿನ ಉದ್ದೇಶ ಒಳ್ಳೆಯದೇ. ಆದರೆ ನಮ್ಮವರಿಗೆ ಅದರಿಂದ ಒಂದು ಐಡಿಯಾ ಸಿಕ್ಕಿತು: ಓಹೋ, ರಜೆ ಇರುವುದು ಕೆಲಸಕ್ಕೆ!

2025ರ ದಸರಾ ರಜೆ ನೆನಪಿದೆಯಲ್ಲ? ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಸಮೀಕ್ಷೆ ಬೇಕೋ ಬೇಡವೋ, ಅದು ಬೇರೆ ಚರ್ಚೆ. ನಾನು ಕೇಳುತ್ತಿರುವುದು ಅದು ಆ ಮೂರು ವಿನಾಯಿತಿಗಳಲ್ಲಿ ಯಾವುದು ಎಂದು. ಹತ್ತು ವರ್ಷದ ಜನಗಣತಿ ಅಲ್ಲ. ಚುನಾವಣೆ ಅಲ್ಲ. ಉಳಿದದ್ದು ವಿಪತ್ತು. ಹಾಗೆ ನೋಡಿದರೆ ಸಮೀಕ್ಷೆಯ ಆ್ಯಪ್ ಬಳಸಿದವರು ವಿಪತ್ತು ಎನ್ನುವುದಕ್ಕೆ ಒಪ್ಪಬಹುದು. ವಿದ್ಯುತ್ ಮೀಟರ್ ಲೆಕ್ಕದಲ್ಲಿ ಮನೆ ಮನೆಗೆ ಚೀಟಿ ಅಂಟಿಸಿದ್ದರು. ಮೇಡಂನೋರು ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ಚೀಟಿ ಹುಡುಕುತ್ತಾ ಹೋಗಬೇಕು. ನೆಟ್‌ವರ್ಕ್ ಸಿಕ್ಕರೆ ಒಟಿಪಿ ಬರದು, ಒಟಿಪಿ ಬಂದರೆ ಮನೆಯವರು ಹಬ್ಬಕ್ಕೆ ಊರಿಗೆ ಹೋಗಿರುತ್ತಾರೆ. ಇದ್ದವರು ಅರವತ್ತು ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಒಲೆ ಮೇಲಿನ ಸಾರು ಸೀದುಹೋಗಿರುತ್ತದೆ. ಅದಕ್ಕೂ ಮೇಡಂನೋರೇ ಹೊಣೆ.

ಹದಿನೈದು ದಿನದಲ್ಲಿ ಮುಗಿಯಲಿಲ್ಲ. ಸರಿ, ಅಕ್ಟೋಬರ್ 8ರಿಂದ 18ರವರೆಗೆ ಸರ್ಕಾರಿ, ಅನುದಾನಿತ ಶಾಲೆಗಳಿಗೆ ರಜೆಯನ್ನೇ ವಿಸ್ತರಿಸಿದರು. ಹೋದ ಪಾಠಗಳ ಗತಿ? ಶಿಕ್ಷಕರು ವಿಶೇಷ ತರಗತಿ ತೆಗೆದುಕೊಂಡು ಸರಿದೂಗಿಸುತ್ತಾರೆ ಎಂದರು. ಸಮೀಕ್ಷೆ ಮಾಡಿದವರು ಯಾರು, ಶಿಕ್ಷಕರು. ಅದರಿಂದ ಹೋದ ಗಂಟೆಗಳನ್ನು ವಾಪಸ್ ಕೊಡಬೇಕಾದವರು ಯಾರು, ಶಿಕ್ಷಕರು.

ಇದರ ಒಳಗೊಂದು ತಮಾಷೆ ಇದೆ. ಶಿಕ್ಷಕರಿಗೆ ಬೇರೆ ಇಲಾಖೆಯವರಷ್ಟು ಗಳಿಕೆ ರಜೆ ಇಲ್ಲ. ಯಾಕೆ ಎಂದರೆ ನಿಮಗೆ ದಸರಾ ರಜೆ, ಬೇಸಿಗೆ ರಜೆ ಇದೆಯಲ್ಲ ಎನ್ನುತ್ತದೆ ನಿಯಮ. ಇನ್ನು 2027ರ ಜನಗಣತಿ. ಅದಂತೂ ಕಾಯಿದೆಯೇ ಒಪ್ಪಿದ ಕೆಲಸ. ಮಾತಾಡುವ ಹಾಗಿಲ್ಲ.

ಮೊಟ್ಟೆ ವಿಷಯಕ್ಕೆ ಬರೋಣ. ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿರುವುದು ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಸರ್ಕಾರಿ ಲೆಕ್ಕದಲ್ಲಿ ಮೊಟ್ಟೆಗೆ ಆರು ರೂಪಾಯಿ. ಬೇಯಿಸುವ ಗ್ಯಾಸು, ಸುಲಿಯುವ ಕೂಲಿ ಎಲ್ಲ ಅದರಲ್ಲೇ. ಅಂಗಡಿಯವನ ಲೆಕ್ಕ ಬೇರೆ, ಅವನು ಸುತ್ತೋಲೆ ಓದುವುದಿಲ್ಲ. ನಡುವಿನ ವ್ಯತ್ಯಾಸ ಹೆಡ್‌ಮಾಸ್ಟರ ಜೇಬಿಗೆ. ಬಿಎಡ್‌ನಲ್ಲಿ ಶಿಕ್ಷಣ ಮನೋವಿಜ್ಞಾನದ ಬದಲು ಒಂದು ಸೆಮಿಸ್ಟರ್ ಮೊಟ್ಟೆ ಸಗಟು ವ್ಯಾಪಾರ ಕಲಿಸಿದ್ದರೆ ಉಪಕಾರ ಆಗುತ್ತಿತ್ತು. ಎಷ್ಟು ಮೊಟ್ಟೆ, ಎಷ್ಟು ಬಾಳೆಹಣ್ಣು, ಎಷ್ಟು ಚಿಕ್ಕಿ, ಹಾಲಿನ ಪುಡಿ ಎಷ್ಟು ಉಳಿಯಿತು, ಎಲ್ಲ ದಿನದಿನವೂ ಎಂಟ್ರಿ ಆಗಬೇಕು. ಜೊತೆಗೆ ಮಕ್ಕಳ, ಶಾಲೆಯ ವಿವರ ತುಂಬುವ ಸ್ಯಾಟ್ಸ್, ಯುಡೈಸ್ ಪೋರ್ಟಲ್‌ಗಳು, ಆಧಾರ್ ತಿದ್ದುಪಡಿ, ಸಮವಸ್ತ್ರ, ಶೂ ಸಾಕ್ಸ್ ಅಳತೆ.

ಸರ್ಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಸಂಬಳವನ್ನೂ ಈ ಅಳತೆಯಲ್ಲೇ ಹೇಳಿದರೆ ಸುಲಭ. 2025ರ ಬಜೆಟ್‌ನಲ್ಲಿ ಎರಡು ಸಾವಿರ ಸೇರಿಸಿದ ಮೇಲೆ ತಿಂಗಳಿಗೆ 12 ಸಾವಿರ. ಅಂದರೆ ಎರಡು ಸಾವಿರ ಮೊಟ್ಟೆ. ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಬೇಸಿಗೆಯಲ್ಲಿ ಹಸಿವೂ ರಜೆ ಮೇಲೆ ಹೋಗುತ್ತದೆ ಎಂದು ಹಣಕಾಸು ಇಲಾಖೆಯ ನಂಬಿಕೆ.

ಖಾಸಗಿ ಶಾಲೆಗಳನ್ನು ಬಿಟ್ಟೆ ಎಂದುಕೊಳ್ಳಬೇಡಿ. ಅಲ್ಲಿ ಕರಾರು ಇನ್ನೂ ಸರಳ. ಎಷ್ಟೋ ಕಡೆ ಸಹಿ ಹಾಕುವುದು ಒಂದು ಮೊತ್ತಕ್ಕೆ, ಕೈಗೆ ಬರುವುದು ಇನ್ನೊಂದು. ಒರಿಜಿನಲ್ ಮಾರ್ಕ್ಸ್ ಕಾರ್ಡು ಸಂಸ್ಥೆಯ ಬೀರುವಿನಲ್ಲಿ ‘ಸುರಕ್ಷಿತ’. ಬಿಡಬೇಕಾದರೆ ಶಿಕ್ಷಕಿ ಮೂರು ತಿಂಗಳ ಮೊದಲು ತಿಳಿಸಬೇಕು. ತೆಗೆಯಬೇಕಾದರೆ ಸಂಸ್ಥೆ ಆ ದಿನ ಬೆಳಗ್ಗೆ ತಿಳಿಸಿದರೂ ಸಾಕು. ಏಪ್ರಿಲ್, ಮೇನಲ್ಲಿ ಪಾಂಪ್ಲೆಟ್ ಹಿಡಿದು ಮನೆ ಮನೆಗೆ ಹೋಗಿ ಅಡ್ಮಿಷನ್ ತರಬೇಕು, ಟಾರ್ಗೆಟ್ ಇದೆ. ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸುವುದು, ಇಳಿಸುವುದು ಅವರದೇ ಕೆಲಸ. ಅಲ್ಲಿ 27ನೇ ಸೆಕ್ಷನ್ ಎಂದರೆ ಏಳನೇ ಕ್ಲಾಸಿನ ಯಾವ ಸೆಕ್ಷನ್ ಎಂದು ಕೇಳುತ್ತಾರೆ.

ನನ್ನದೊಂದು ಸಲಹೆ ಇತ್ತು. ಕರಾರು ಪತ್ರವನ್ನು ಮಗುಚಿ ಹಾಕಿಬಿಡಿ. ನೇಮಕಾತಿಯನ್ನು ‘ಮೊಟ್ಟೆ, ಸಮೀಕ್ಷೆ ಹಾಗೂ ಡೇಟಾ ಎಂಟ್ರಿ ಅಧಿಕಾರಿ’ ಎಂದೇ ಮಾಡಿ. ಕೊನೆಯ ಸಾಲಿನಲ್ಲಿ ಮಾತ್ರ ‘ಕಾಲಕಾಲಕ್ಕೆ ಮಕ್ಕಳಿಗೆ ಪಾಠವನ್ನೂ ಮಾಡತಕ್ಕದ್ದು’ ಎಂದು ಸೇರಿಸಿ. ಕೊನೆಯ ಸಾಲಿನ ಕೆಲಸಕ್ಕೆ ಇಷ್ಟು ಮುತುವರ್ಜಿ ತೋರಿಸುವ ಇಲಾಖೆ ಆಗ ಪಾಠದ ಹಿಂದೆಯೂ ಬೀಳುತ್ತದೆ. ‘ಅತಿ ತುರ್ತು: ಇವತ್ತು ಸಂಜೆಯೊಳಗೆ ಮಗ್ಗಿ ಕಲಿಸಿ ವರದಿ ಮಾಡಿ’ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿನಿಂದ ಮೆಸೇಜ್ ಬರುತ್ತದೆ. ಮಕ್ಕಳು ಉದ್ಧಾರ ಆಗುತ್ತಾರೆ.

ನಾನಾದರೂ ಸುಮ್ನೆ ಸಲಹೆ ಕೊಡುವವನು. ಇಲಾಖೆಯೇ ಒಂದು ದಿನ ಎಚ್ಚೆತ್ತು ಶಿಕ್ಷಕರ ಹೊರೆ ಎಷ್ಟಿದೆ ನೋಡಿಯೇ ಬಿಡೋಣ ಎಂದು ಗೂಗಲ್ ಫಾರ್ಮ್ ಕಳಿಸಿತು ಎಂದೇ ಇಟ್ಟುಕೊಳ್ಳಿ. ಎಂಟ್ರಿಗೆ ಕೊನೆಯ ಸಮಯ ಮಧ್ಯಾಹ್ನ ಮೂರು. ಹೆಡ್‌ಮೇಡಂ ಮಕ್ಕಳಿಗೆ ಕಾಪಿ ಬರೆಯಲು ಹೇಳಿ, ಸುತ್ತಲಿನ ಶಾಲೆಗಳ ಉಸ್ತುವಾರಿ ನೋಡುವ ಸಿಆರ್‌ಪಿಗೆ ಫೋನ್ ಮಾಡುತ್ತಾರೆ.

‘ಸರ್, ಫಾರ್ಮ್ ತಗೋತಾನೇ ಇಲ್ಲ. ಕೆಂಪಗೆ ತೋರಿಸ್ತಿದೆ.’

‘ಒಟ್ಟು ಗಂಟೆ ಎಷ್ಟು ಹಾಕಿದೀರಿ ಮೇಡಂ?’

‘ಕೂಡಿದ್ರೆ ಅರವತ್ತಮೂರು ಬರ್ತಿದೆ ಸರ್.’

‘ಅದೇ ಪ್ರಾಬ್ಲಂ. ವಾರಕ್ಕೆ ನಲವತ್ತೈದು ಅಂತ ಫಿಕ್ಸ್ ಮಾಡಿದಾರೆ. ಜಾಸ್ತಿ ಹಾಕಿದ್ರೆ ಸಬ್ಮಿಟ್ ಆಗಲ್ಲ.’

‘ಹಾಗಾದ್ರೆ ಯಾವುದರಲ್ಲಿ ಕಡಿಮೆ ಮಾಡ್ಲಿ?’

‘ಮೊಟ್ಟೆದು ಮುಟ್ಟಬೇಡಿ, ಆಗಲೇ ಆನ್‌ಲೈನ್ ಎಂಟ್ರಿ ಆಗಿದೆ, ತಾಳೆ ಆಗಲ್ಲ. ಸಮೀಕ್ಷೆದು ಡಿಸಿ ಆಫೀಸಿಗೆ ಹೋಗಿದೆ. ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ ತಹಶೀಲ್ದಾರರ ಲೆಕ್ಕದಲ್ಲಿದೆ. ಪಾಠದ್ದು ಎಷ್ಟು ಹಾಕಿದೀರಿ?’

‘ಇಪ್ಪತ್ತೆರಡು ಸರ್.’

‘ಅದಕ್ಕೆ ಯಾರೂ ದಾಖಲೆ ಕೇಳಿಲ್ಲ ಮೇಡಂ. ನಾಲ್ಕು ಮಾಡಿ ಕಳ್ಸಿಬಿಡಿ.’